ರೋಮನರ ನೀರಿನ ಹಾದಿಯಲ್ಲಿ ಡೇರೆಯ ಪಯಣ

ಪಾಳುಬಿದ್ದ ಪುರಾತನ ಕಟ್ಟಡಗಳನ್ನು ನೋಡಲು ಹೊರಡುವವರಲ್ಲಿ ಎರಡು ಬಗೆಯುಂಟು. ಹೋಟೆಲಿನಲ್ಲಿ ತಂಗಿ, ಬೆಳಗಿನ ಉಪಾಹಾರ ಮುಗಿಸಿ, ಬಸ್ಸಿನಲ್ಲಿ ಹೋಗಿ, ಒಂದು ಗಂಟೆಯ ಕಾಲ ಕಂಬ ಕಮಾನುಗಳ ನಡುವೆ ಸುತ್ತಾಡಿ ಹಿಂದಿರುಗುವವರು ಒಂದು ಬಗೆ. ಡೇರೆಯನ್ನು ಜೊತೆಗೆ ಕೊಂಡೊಯ್ದು, ಊರಿಂದೂರಿಗೆ ಸಾಗುತ್ತ, ಬಯಲಿನಲ್ಲಿ ಬಿಡಾರ ಹೂಡಿ, ತಮ್ಮ ಅಡಿಗೆಯನ್ನು ತಾವೇ ಮಾಡಿಕೊಳ್ಳುವವರು ಇನ್ನೊಂದು ಬಗೆ. ಈ ಎರಡನೆಯವರಿಗೆ ಸೌಕರ್ಯ ಕಡಮೆ. ಆದರೆ ದಿನವೂ ಸಂಜೆ ಅವರ ಮುಂದೆ ಒಂದು ಪ್ರಶ್ನೆ ತಪ್ಪದೆ ಬಂದು ನಿಲ್ಲುತ್ತದೆ: ಇಂದಿನ ನೀರು ಎಲ್ಲಿಂದ? ಇಪ್ಪತ್ತು ಲೀಟರಿನ ಡಬ್ಬಿಯನ್ನು ನಲ್ಲಿಯಿಂದ ಡೇರೆಯವರೆಗೆ ಹೊತ್ತು ತರುವವನಿಗೆ ನೀರಿನ ತೂಕ ಎಷ್ಟೆಂಬುದನ್ನು ಯಾವ ಪುಸ್ತಕವೂ ಹೇಳಿಕೊಡಬೇಕಾಗಿಲ್ಲ.

ಎರಡು ಸಾವಿರ ವರ್ಷಗಳ ಹಿಂದೆ ಇದೇ ಪ್ರಶ್ನೆಯನ್ನು ರೋಮನರು ಸಮಗ್ರ ನಗರಗಳ ಪರವಾಗಿ ಕೇಳಿಕೊಂಡರು. ಅದಕ್ಕೆ ಅವರು ಕೊಟ್ಟ ಉತ್ತರ ಇಂದಿಗೂ ಯೂರೋಪಿನ ಬಯಲುಗಳಲ್ಲಿ ಕಲ್ಲಿನ ಕಮಾನುಗಳಾಗಿ ನಿಂತಿದೆ. ರೋಮ್ ನಗರದಿಂದ ಹೊರಟು, ದಕ್ಷಿಣ ಫ್ರಾನ್ಸನ್ನು ಹಾದು, ಸ್ಪೇನಿನ ಮೆರಿದಾ ಪಟ್ಟಣವನ್ನು ಮುಟ್ಟುವವರೆಗೆ ಎರಡು ಸಾವಿರ ಕಿಲೋಮೀಟರಿಗೂ ಮಿಗಿಲಾದ ಹಾದಿ. ವಸಂತದ ಕೆಲವು ವಾರಗಳನ್ನು ಈ ಹಾದಿಗಾಗಿ ಮೀಸಲಿಟ್ಟು ನಾವು ಡೇರೆ ಹೂಡುತ್ತ ಹೋದೆವು. ನಾವು ಕಂಡುದನ್ನು ವಾಚಕರ ಮುಂದಿಡುವಾಗ ಒಂದು ಮಾತನ್ನು ಮೊದಲೇ ಹೇಳಿಬಿಡುವುದು ಲೇಸು. ಕಮಾನುಗಳ ಎತ್ತರವನ್ನು ಕಂಡು ಬೆರಗಾಗುವುದು ಸುಲಭ. ಆದರೆ ರೋಮನರ ನೀರ್ಗಾಲುವೆಗಳ ನಿಜವಾದ ಗುಟ್ಟು ಎತ್ತರದಲ್ಲಿಲ್ಲ. ಅದು ಕಣ್ಣಿಗೆ ಕಾಣದ ಇಳಿಜಾರಿನಲ್ಲಿದೆ, ಮತ್ತು ಯಾರೂ ಹೊಗಳದ ದುರಸ್ತಿಯ ಕೆಲಸದಲ್ಲಿದೆ.

ದಂಡಿನ ಬಿಡಾರದಿಂದ ನಗರಕ್ಕೆ

ಡೇರೆಯ ಬದುಕು ರೋಮನರಿಗೆ ಹೊಸದೇನೂ ಅಲ್ಲ. ಅವರ ಸೈನ್ಯವೇ ನಡೆದಾಡುವ ಒಂದು ಡೇರೆಯ ಊರಾಗಿತ್ತು. ಎಂಟು ಮಂದಿ ಸಿಪಾಯಿಗಳಿಗೆ ಒಂದು ಚರ್ಮದ ಡೇರೆ, ಅದನ್ನು ಹೊರಲು ಒಂದು ಹೇಸರಗತ್ತೆ. ದಿನದ ನಡೆ ಮುಗಿದೊಡನೆ ಸೈನಿಕರು ನಾಲ್ಕೂ ಕಡೆ ಅಗಳು ತೋಡಿ, ಅದರ ಮಣ್ಣನ್ನು ದಿಣ್ಣೆಯಾಗಿ ಏರಿಸಿ, ಒಳಗೆ ನೇರವಾದ ಬೀದಿಗಳನ್ನು ಗುರುತುಮಾಡಿ ಡೇರೆಗಳನ್ನು ಹೂಡುತ್ತಿದ್ದರು. ಬೀದಿಗಳು ಲಂಬಕೋನದಲ್ಲಿ ಕೂಡುವಂತೆ ನೋಡಿಕೊಳ್ಳಲು ‘ಗ್ರೋಮಾ’ ಎಂಬ ಸಾಧನವಿತ್ತು. ಕೋಲಿನ ಮೇಲೆ ಶಿಲುಬೆಯಾಕಾರದ ಎರಡು ಪಟ್ಟಿಗಳು, ಅವುಗಳ ನಾಲ್ಕು ತುದಿಗಳಿಂದ ಇಳಿಬಿಟ್ಟ ತೂಗುಗುಂಡುಗಳು. ಸರಳವಾದ ಉಪಕರಣ, ಆದರೆ ಗಾಳಿ ಬೀಸದಿದ್ದರೆ ಕರಾರುವಾಕ್ಕಾದುದು.

ಇದೇ ಬಿಡಾರದ ನಕ್ಷೆ ಮುಂದೆ ಹಲವು ನಗರಗಳ ನಕ್ಷೆಯಾಯಿತು. ನಮ್ಮ ಹಾದಿಯ ಕೊನೆಯಲ್ಲಿದ್ದ ಮೆರಿದಾ ಪಟ್ಟಣವನ್ನು ಚಕ್ರವರ್ತಿ ಅಗಸ್ಟಸ್ ಕ್ರಿ. ಪೂ. 25ರಲ್ಲಿ ಸೇವೆ ಮುಗಿಸಿದ ಯೋಧರಿಗಾಗಿಯೇ ಸ್ಥಾಪಿಸಿದನು. ದಂಡಿನ ಬಿಡಾರವನ್ನು ಹೊಳೆಯ ಹತ್ತಿರ ಹೂಡಿದರೆ ಸಾಕು. ಆದರೆ ಸ್ಥಿರವಾಗಿ ನಿಲ್ಲುವ ನಗರಕ್ಕೆ ಬಾವಿ, ಹೊಳೆಗಳ ನೀರು ಸಾಲದು. ಸ್ನಾನಗೃಹ, ಕಾರಂಜಿ, ಕಾರ್ಖಾನೆ, ಶೌಚಾಲಯ ಎಲ್ಲಕ್ಕೂ ಹಗಲಿರುಳು ಹರಿಯುವ ನೀರು ಬೇಕು. ಆದಕಾರಣ ದೂರದ ಬೆಟ್ಟದ ಬುಗ್ಗೆಯನ್ನು ನಗರದವರೆಗೆ ನಡೆಸಿಕೊಂಡು ಬರುವ ವಿದ್ಯೆಯನ್ನು ಅವರು ಕಲಿತರು.

ರೋಮಿನ ಹೊರವಲಯದಲ್ಲಿ

ರೋಮ್ ನಗರದ ಆಗ್ನೇಯಕ್ಕೆ ಈಗ ‘ನೀರ್ಗಾಲುವೆಗಳ ಉದ್ಯಾನ’ವೆಂದು ಹೆಸರಾದ ವಿಶಾಲವಾದ ಹುಲ್ಲುಗಾವಲಿದೆ. ಅದರ ನಡುವೆ ಕ್ಲಾಡಿಯಾ ಕಾಲುವೆಯ ಕಮಾನುಗಳು ಸಾಲಾಗಿ ನಡೆದು ಹೋಗುತ್ತವೆ. ರೋಮಿಗೆ ಮೊದಲ ನೀರ್ಗಾಲುವೆ ಬಂದದ್ದು ಕ್ರಿ. ಪೂ. 312ರಲ್ಲಿ. ಮುಂದಿನ ಐದು ಶತಮಾನಗಳಲ್ಲಿ ಅವುಗಳ ಸಂಖ್ಯೆ ಹನ್ನೊಂದಕ್ಕೆ ಏರಿತು. ಕಮಾನುಗಳನ್ನು ನೋಡಿ ಕಾಲುವೆಯೆಲ್ಲ ಆಕಾಶದಲ್ಲೇ ಹರಿಯುತ್ತಿತ್ತೆಂದು ಭಾವಿಸಬಾರದು. ಕ್ರಿ. ಪೂ. 144ರಲ್ಲಿ ಆರಂಭವಾದ ಮಾರ್ಕಿಯಾ ಕಾಲುವೆಯ ಉದ್ದ ಸುಮಾರು 91 ಕಿಲೋಮೀಟರು. ಅದರಲ್ಲಿ ಸುಮಾರು 80 ಕಿಲೋಮೀಟರು ನೆಲದೊಳಗೇ ಸಾಗುತ್ತಿತ್ತು. ನೆಲದೊಳಗಿನ ನೀರು ತಂಪಾಗಿರುತ್ತದೆ, ಶುಚಿಯಾಗಿರುತ್ತದೆ, ಶತ್ರುವಿನ ಕಣ್ಣಿಗೆ ಬೀಳುವುದಿಲ್ಲ. ಕಣಿವೆ ಅಡ್ಡಬಂದಲ್ಲಿ ಮಾತ್ರ, ಬಯಲು ತೀರ ತಗ್ಗಾದಲ್ಲಿ ಮಾತ್ರ, ಕಮಾನು ಕಟ್ಟಿದರು.

ಈ ವಿಷಯಗಳೆಲ್ಲ ನಮಗೆ ಇಷ್ಟು ವಿವರವಾಗಿ ತಿಳಿದಿರುವುದು ಫ್ರಾಂಟಿನಸ್ ಎಂಬ ಅಧಿಕಾರಿಯ ದೆಸೆಯಿಂದ. ಕ್ರಿ. ಶ. 97ರಲ್ಲಿ ರೋಮಿನ ನೀರಿನ ಮೇಲ್ವಿಚಾರಣೆ ಇವನ ಪಾಲಿಗೆ ಬಂದಿತು. ಅಧಿಕಾರ ವಹಿಸಿಕೊಂಡವನು ತನ್ನ ಕೆಲಸವನ್ನು ತಾನೇ ಅರಿಯಬೇಕೆಂದು ಕಾಲುವೆಗಳನ್ನೆಲ್ಲ ಪರಿಶೀಲಿಸಿ, ಅಳೆದು, ಒಂದು ಗ್ರಂಥ ಬರೆದಿಟ್ಟನು. ಬುಗ್ಗೆಯಲ್ಲಿ ಹೊರಟ ನೀರಿಗೂ ನಗರದಲ್ಲಿ ಲೆಕ್ಕಕ್ಕೆ ಸಿಕ್ಕ ನೀರಿಗೂ ಇರುವ ಅಂತರವನ್ನು ಕಂಡುಹಿಡಿದು, ಸೋರಿಕೆಯನ್ನೂ ಕಳ್ಳಕೊಳವೆಗಳನ್ನೂ ಬಯಲಿಗೆಳೆದನು. ಅವನ ಕೈಕೆಳಗೆ ಕಾಲುವೆಗಳ ಪಾಲನೆಗೆಂದೇ 700 ಮಂದಿ ಗುಲಾಮರಿದ್ದರು: ತೊಟ್ಟಿ ಕಾಯುವವರು, ಕಲ್ಲುಕುಟಿಗರು, ಗಾರೆ ಬಳಿಯುವವರು, ಬೀದಿಯ ಕಲ್ಲುಹಾಸು ಕಿತ್ತು ಮತ್ತೆ ಹಾಸುವವರು. ಕಮಾನುಗಳ ಎರಡೂ ಪಕ್ಕಗಳಲ್ಲಿ ಹದಿನೈದು ಅಡಿ, ನೆಲದೊಳಗಿನ ಕಾಲುವೆಯ ಎರಡೂ ಪಕ್ಕಗಳಲ್ಲಿ ಐದು ಅಡಿ ಜಾಗವನ್ನು ಬರಿದಾಗಿ ಬಿಡಬೇಕೆಂದು ಕಾನೂನಿತ್ತು. ಕಾರಣವನ್ನು ಊಹಿಸಬಲ್ಲಿರಾ? ಮರದ ಬೇರು. ನೀರಿನ ವಾಸನೆ ಹಿಡಿದು ಬರುವ ಬೇರು ಕಲ್ಲಿನ ಸಂದಿಗೆ ನುಗ್ಗಿದರೆ ಗೋಡೆ ಬಿರಿಯುತ್ತದೆ.

ಇಷ್ಟೆಲ್ಲ ಎಚ್ಚರಿಕೆ ಏತಕ್ಕೆಂದರೆ, ಕ್ಲಾಡಿಯಾ ಕಾಲುವೆಯೇ ಅದಕ್ಕೆ ಉತ್ತರ. ಅದು ಪೂರ್ಣಗೊಂಡುದು ಕ್ರಿ. ಶ. 52ರಲ್ಲಿ. ನಗರದ ದ್ವಾರವೊಂದರ ಮೇಲೆ ಈಗಲೂ ಓದಬಹುದಾದ ಶಾಸನದ ಪ್ರಕಾರ, ಅದು ಒಂಬತ್ತು ವರ್ಷ ಕೆಟ್ಟು ನಿಂತಿತ್ತು. 71ರಲ್ಲಿ ಚಕ್ರವರ್ತಿ ವೆಸ್ಪಾಸಿಯನ್ ಅದನ್ನು ಸರಿಪಡಿಸಿದನು. ಮತ್ತೆ ಹತ್ತು ವರ್ಷಗಳಲ್ಲಿ ಅವನ ಮಗ ಟೈಟಸ್ ಅದನ್ನು ಪುನಃ ದುರಸ್ತಿ ಮಾಡಿಸಬೇಕಾಯಿತು. ಶಾಶ್ವತವೆಂದು ನಾವು ಬೆರಗುಪಡುವ ಈ ಕಟ್ಟಡ ಹುಟ್ಟಿದ ಮೂವತ್ತು ವರ್ಷಗಳೊಳಗೆ ಎರಡು ಬಾರಿ ವೈದ್ಯರ ಕೈಗೆ ಬಂದಿತ್ತು! ಕ್ರಿ. ಶ. 537ರಲ್ಲಿ ಗಾಥರು ನಗರಕ್ಕೆ ಮುತ್ತಿಗೆ ಹಾಕಿ ಕಾಲುವೆಗಳನ್ನು ಕತ್ತರಿಸಿದರು. ಬಹುಮಟ್ಟಿಗೆ ನೆಲದೊಳಗೇ ಸಾಗುವ ವರ್ಗೋ ಕಾಲುವೆಯೊಂದು ಹೇಗೋ ಉಳಿದುಕೊಂಡಿತು. 1453ರಲ್ಲಿ ಅದನ್ನು ಜೀರ್ಣೋದ್ಧಾರ ಮಾಡಿದರು. ಪ್ರವಾಸಿಗರು ಇಂದು ನಾಣ್ಯ ಎಸೆಯುವ ಟ್ರೆವಿ ಕಾರಂಜಿಗೆ ಅದರ ನೀರೇ ಮೂಲ.

ಅವಲಕ್ಕಿಯಷ್ಟು ಇಳಿಜಾರು

ಇಟಲಿಯ ಕಡಲತೀರವನ್ನು ಹಿಡಿದು ಪಡುವಣಕ್ಕೆ ಸಾಗಿ ಫ್ರಾನ್ಸಿನ ನೀಮ್ ನಗರದ ಸೀಮೆಯನ್ನು ಸೇರಿದಾಗ ನಮ್ಮ ಡೇರೆ ಗಾರ್ದೋನ್ ನದಿಯ ದಡವನ್ನು ಮುಟ್ಟಿತು. ಈ ನದಿಯ ಮೇಲೆ ‘ಪೋಂ ದ್ಯು ಗಾರ್’ ಎಂಬ ಸೇತುವೆಯಿದೆ. ಮೂರು ಅಂತಸ್ತು, ಕೆಳಗೆ ಆರು ಕಮಾನು, ನಡುವೆ ಹನ್ನೊಂದು, ಮೇಲೆ ಚಿಕ್ಕ ಕಮಾನುಗಳ ಸಾಲು. ಎತ್ತರ ಸುಮಾರು 49 ಮೀಟರು. ಕ್ರಿಸ್ತಶಕದ ಮೊದಲನೆಯ ಶತಮಾನದ ಈ ರಚನೆಯ ಕೆಳಗಿನ ಎರಡು ಅಂತಸ್ತುಗಳಲ್ಲಿ ಗಾರೆಯೇ ಇಲ್ಲ. ಆರು ಟನ್ನಿನವರೆಗೆ ತೂಗುವ ಕಲ್ಲುಗಳು ತಮ್ಮ ಭಾರದಿಂದಲೇ ಒಂದನ್ನೊಂದು ಬಿಗಿಹಿಡಿದಿವೆ. ಗೋಡೆಯಿಂದ ಹೊರಚಾಚಿರುವ ಕಲ್ಲುಗಳನ್ನು ನೋಡಿ ಇದೇನು ಅಲಂಕಾರವೆಂದು ಸಂದೇಹಪಡಬೇಡಿ. ಕೆಲಸಗಾರರು ಮರದ ಅಟ್ಟಣಿಗೆಯನ್ನು ಊರಲು ಬಿಟ್ಟ ಆಸರೆಗಳವು. ಮುಂದೆ ದುರಸ್ತಿಗೆ ಬರುವವರಿಗೂ ಅವು ಬೇಕಾಗುವುವೆಂದು ಅವನ್ನು ಕೆತ್ತಿ ತೆಗೆಯದೆ ಹಾಗೆಯೇ ಬಿಟ್ಟಂತಿದೆ.

ಆದರೆ ಈ ಸೇತುವೆ ಒಂದು ದೊಡ್ಡ ಸರಪಣಿಯ ಒಂದು ಕೊಂಡಿ ಮಾತ್ರ. ಉಜೆಸ್ ಊರಿನ ಬಳಿಯ ಬುಗ್ಗೆಯಿಂದ ನೀಮ್ ನಗರಕ್ಕೆ ಹಕ್ಕಿ ಹಾರುವ ದೂರ ಸುಮಾರು 20 ಕಿಲೋಮೀಟರು. ನಡುವೆ ಗುಡ್ಡಗಳಿರುವುದರಿಂದ ಕಾಲುವೆ ಅವನ್ನು ಬಳಸಿಕೊಂಡು ಸುಮಾರು 50 ಕಿಲೋಮೀಟರು ನಡೆಯುತ್ತದೆ. ಬುಗ್ಗೆಗೂ ನಗರದ ತೊಟ್ಟಿಗೂ ಇರುವ ಎತ್ತರದ ವ್ಯತ್ಯಾಸವಾದರೋ ಹನ್ನೆರಡೂವರೆ ಮೀಟರಿನಷ್ಟು. ಲೆಕ್ಕ ಹಾಕಿ ನೋಡಿ. ಕಿಲೋಮೀಟರಿಗೆ ಸರಾಸರಿ 25 ಸೆಂಟಿಮೀಟರು. ಅಂದರೆ ನಾಲ್ಕು ಮೀಟರಿಗೆ ಒಂದು ಮಿಲಿಮೀಟರು. ನಿಮ್ಮ ಮನೆಯ ನಡುಮನೆಯ ಒಂದು ಗೋಡೆಯಿಂದ ಇನ್ನೊಂದಕ್ಕೆ ಒಂದು ಅವಲಕ್ಕಿಯ ದಪ್ಪದಷ್ಟು ನೆಲ ಇಳಿದರೆ ಹೇಗೋ ಹಾಗೆ! ಈ ಇಳಿಜಾರನ್ನು ಬೆಟ್ಟ ಕಣಿವೆಗಳನ್ನು ಹಾದು ಐವತ್ತು ಕಿಲೋಮೀಟರಿನುದ್ದಕ್ಕೂ ಕಾಯ್ದುಕೊಳ್ಳಬೇಕು. ಇಳಿಜಾರು ಹೆಚ್ಚಾದರೆ ನೀರು ರಭಸದಿಂದ ಓಡಿ ಕಾಲುವೆಯ ಒಡಲನ್ನು ಕೊರೆಯುತ್ತದೆ. ಕಡಮೆಯಾದರೆ ನಿಂತು ಹೂಳು ತುಂಬುತ್ತದೆ.

ಇಳಿಜಾರು ಎಲ್ಲ ಕಡೆಯೂ ಒಂದೇ ಸಮನಾಗಿಲ್ಲ. ಬುಗ್ಗೆಯಿಂದ ಸೇತುವೆಯವರೆಗೆ ಅದು ಸರಾಸರಿಗಿಂತ ಹೆಚ್ಚು. ಸೇತುವೆಯನ್ನು ದಾಟಿದ ಮೇಲೆ ಕಡಮೆ. ಮೊದಲೇ ಹೆಚ್ಚು ಇಳಿಸಿದುದರಿಂದ ಸೇತುವೆಯ ಎತ್ತರವನ್ನು ಕೆಲವು ಮೀಟರುಗಳಷ್ಟು ತಗ್ಗಿಸಲು ಸಾಧ್ಯವಾಯಿತು. ಕಟ್ಟಡದ ಭಾರ ಉಳಿಯಿತು. ಆದರೆ ಉಳಿದ ಹಾದಿಯಲ್ಲಿ ತಪ್ಪಿಗೆ ಎಡೆಯೇ ಇಲ್ಲವಾಯಿತು. ಇಂಥ ಆಯವ್ಯಯವನ್ನು ಕಲ್ಲು ಕಡಿಯುವ ಮೊದಲೇ ಲೆಕ್ಕ ಹಾಕಿರಬೇಕು.

ದೂರದರ್ಶಕವಿಲ್ಲದ ಕಾಲದಲ್ಲಿ ಇದನ್ನು ಅಳೆದ ಬಗೆ ಹೇಗೆ? ವಿಟ್ರೂವಿಯಸ್ ಎಂಬ ವಾಸ್ತುಶಿಲ್ಪಿ ‘ಕೊರೊಬೇಟ್ಸ್’ ಎಂಬ ಸಾಧನವನ್ನು ವರ್ಣಿಸಿದ್ದಾನೆ. ಅದು ಇಪ್ಪತ್ತು ಅಡಿ ಉದ್ದದ ಮರದ ಮೇಜು. ಕಾಲುಗಳ ಬಳಿ ತೂಗುದಾರಗಳು. ದಾರ ಗುರುತಿನ ಮೇಲೆ ನಿಂತರೆ ಮೇಜು ಸಮತಲದಲ್ಲಿದೆಯೆಂದು ಅರ್ಥ. ಗಾಳಿಗೆ ದಾರ ಅಲುಗಾಡಿದರೆ ಮೇಜಿನ ಮೇಲ್ಭಾಗದಲ್ಲಿ ಕೊರೆದ ತೋಡಿಗೆ ನೀರು ಹುಯ್ದು ನೋಡುವುದು. ನೀರಿನ ಹಾದಿಯನ್ನು ಅಳೆಯಲು ನೀರೇ ಅಳತೆಗೋಲು. ಗಾಳಿಯ ಹೊಡೆತಕ್ಕೆ ಡೇರೆಯ ಹಗ್ಗಗಳನ್ನು ಮತ್ತೆ ಮತ್ತೆ ಬಿಗಿದ ನಮಗೆ, ಆ ತೋಡನ್ನು ಕೊರೆದವನ ವಿವೇಕ ಚೆನ್ನಾಗಿ ಮನವರಿಕೆಯಾಯಿತು.

ಸೇತುವೆಯ ಪಕ್ಕಕ್ಕೆ ಅಂಟಿಕೊಂಡಂತೆ ಇನ್ನೊಂದು ಸೇತುವೆಯಿದೆ. ಹಿಂದಿನ ಶತಮಾನಗಳಲ್ಲಿ ಬಂಡಿಗಳು ಹಾಯಲೆಂದು ರೋಮನರ ನಡುಅಂತಸ್ತಿನ ಕಂಬಗಳನ್ನೇ ಕೊರೆದು ದಾರಿ ಮಾಡಿದ್ದರು. ಕಟ್ಟಡಕ್ಕೆ ಅಪಾಯ ಒದಗಿತ್ತು. ಕೊನೆಗೆ 1743ರಿಂದ 1747ರವರೆಗೆ ಪಕ್ಕದಲ್ಲಿ ರಸ್ತೆಯ ಸೇತುವೆಯನ್ನು ಕಟ್ಟಿದವನು ಆಂರಿ ಪಿಟೋ. ನೀರಿನ ವೇಗವನ್ನು ಅಳೆಯುವ ಪಿಟೋ ಕೊಳವೆಯನ್ನು ಕಂಡುಹಿಡಿದವನು ಇವನೇ. ವಿಮಾನಗಳು ಗಾಳಿಯಲ್ಲಿ ತಮ್ಮ ವೇಗವನ್ನು ತಿಳಿಯುವುದು ಇಂದಿಗೂ ಈ ಕೊಳವೆಯಿಂದಲೇ. ಸೆಪ್ಟೆಂಬರ್ 2002ರಲ್ಲಿ ಗಾರ್ದೋನ್ ನದಿ ಭೀಕರವಾಗಿ ಉಕ್ಕಿ ಸುತ್ತಣ ಊರುಗಳನ್ನು ಹಾಳುಗೆಡವಿದಾಗಲೂ, ಬಂಡೆಯ ಮೇಲೆ ಅಡಿಯೂರಿದ ರೋಮನರ ಸೇತುವೆ ಅಚಲವಾಗಿ ನಿಂತಿತು.

ಸುಣ್ಣ ಬರೆದ ದಿನಚರಿ

ನೀಮ್ ನಗರದಲ್ಲಿ ಈ ನೀರು ಬಂದು ಸೇರುತ್ತಿದ್ದ ತೊಟ್ಟಿ 1844ರಲ್ಲಿ ಬೆಳಕಿಗೆ ಬಂದಿತು. ದುಂಡಗಿನ ಕಲ್ಲುತೊಟ್ಟಿ, ಅಡ್ಡಳತೆ ಆರು ಮೀಟರಿಗೆ ಸ್ವಲ್ಪ ಕಡಮೆ. ಅದರ ಗೋಡೆಯಲ್ಲಿ ಸೀಸದ ಕೊಳವೆಗಳನ್ನು ಕೂರಿಸಲು ಹತ್ತು ರಂಧ್ರಗಳು, ತಳದಲ್ಲಿ ನೀರು ಬಸಿಯಲು ಮೂರು ರಂಧ್ರಗಳು. ದಿನಕ್ಕೆ ಸುಮಾರು 40 ಸಾವಿರ ಘನಮೀಟರು, ಎಂದರೆ ನಾಲ್ಕು ಕೋಟಿ ಲೀಟರು, ನೀರು ಇಲ್ಲಿಗೆ ಬರಬಹುದಾಗಿತ್ತೆಂದು ಅಂದಾಜು. ನಮ್ಮ ಡಬ್ಬಿಯ ಲೆಕ್ಕದಲ್ಲಿ ಹೇಳುವುದಾದರೆ ದಿನಕ್ಕೆ ಇಪ್ಪತ್ತು ಲಕ್ಷ ಡಬ್ಬಿ. ಅದೂ ಒಬ್ಬ ಮನುಷ್ಯನೂ ಹೊರದೆ, ಒಂದು ಪಂಪೂ ಇಲ್ಲದೆ, ಭೂಮಿಯ ಆಕರ್ಷಣೆಯೊಂದರಿಂದಲೇ.

ಕಾಲುವೆಯ ಒಳಮೈಗೆ ಸುಣ್ಣದೊಡನೆ ಕುಟ್ಟಿದ ಹೆಂಚಿನ ಪುಡಿಯನ್ನು ಬೆರೆಸಿ ಬಳಿಯುತ್ತಿದ್ದರು. ನಮ್ಮ ನಾಡಿನವರಿಗೆ ಇದು ಹೊಸ ವಿದ್ಯೆಯಲ್ಲ. ಇಟ್ಟಿಗೆಯ ಪುಡಿ ಬೆರೆಸಿದ ಇಂಥದೇ ಸುರ್ಕಿಗಾರೆಯಿಂದ ಕನ್ನಂಬಾಡಿ ಕಟ್ಟೆಯನ್ನು ಕಟ್ಟಲಾಯಿತು. ಸುಟ್ಟ ಜೇಡಿಯಲ್ಲಿರುವ ಸಿಲಿಕಾ ಸುಣ್ಣದೊಡನೆ ಕೂಡಿ, ನೀರಿನಲ್ಲಿಯೂ ಗಟ್ಟಿಯಾಗಬಲ್ಲ ಬೆಸುಗೆಯಾಗುತ್ತದೆ. ಇಟಲಿಯಲ್ಲಿ ಇದೇ ಕೆಲಸಕ್ಕೆ ಜ್ವಾಲಾಮುಖಿಯ ಬೂದಿಯನ್ನು ಬಳಸಿದರು. ಅಲ್ಲಿನ ಹಳೆಯ ಕಾಂಕ್ರೀಟಿನಲ್ಲಿ ಕಾಣುವ ಬಿಳಿಯ ಸುಣ್ಣದ ಗಂಟುಗಳನ್ನು ಬಹುಕಾಲ ಕೆಟ್ಟ ಕಲಸುವಿಕೆಯ ಗುರುತೆಂದೇ ಎಣಿಸಿದ್ದರು. ಮಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಸಂಶೋಧಕರು ಮತ್ತು ಅವರ ಸಹೋದ್ಯೋಗಿಗಳು 2023ರಲ್ಲಿ ಬೇರೆಯೇ ವಿವರಣೆ ಕೊಟ್ಟರು. ಕಾಂಕ್ರೀಟು ಬಿರುಕುಬಿಟ್ಟು ನೀರು ಒಳಹೊಕ್ಕಾಗ ಈ ಗಂಟುಗಳು ಕರಗಿ, ಮತ್ತೆ ಹರಳುಗಟ್ಟಿ, ಬಿರುಕನ್ನು ತುಂಬುತ್ತವೆ. ಈ ಬಗೆಯಲ್ಲಿ ಹೊಸದಾಗಿ ಮಾಡಿದ ತುಂಡುಗಳ ಬಿರುಕಿನಲ್ಲಿ ಎರಡು ವಾರಗಳೊಳಗೆ ನೀರಿನ ಹರಿವು ನಿಂತುಹೋಯಿತು.

ಆದರೆ ಗಾಯವನ್ನು ಮಾಯಿಸಬಲ್ಲ ಸುಣ್ಣವೇ ಕಾಲುವೆಯ ಉಸಿರನ್ನೂ ಕಟ್ಟಬಲ್ಲುದು. ಸುಣ್ಣಕಲ್ಲಿನ ಬೆಟ್ಟದಲ್ಲಿ ಇಂಗಿದ ಮಳೆಯ ನೀರು, ಮಣ್ಣಿನ ಇಂಗಾಲಾಮ್ಲ ಅನಿಲದ ನೆರವಿನಿಂದ ಕಲ್ಲನ್ನು ಕರಗಿಸಿಕೊಂಡು ಬರುತ್ತದೆ. ಬುಗ್ಗೆಯಿಂದ ಹೊರಬಂದು ಗಾಳಿಗೆ ತಾಗಿದೊಡನೆ ಆ ಅನಿಲ ಹಾರಿಹೋಗುತ್ತದೆ. ಕರಗಿದ್ದ ಸುಣ್ಣ ಕಾಲುವೆಯ ಗೋಡೆಗೆ ಪದರ ಪದರವಾಗಿ ಹತ್ತುತ್ತದೆ. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿಯ ಪೊರೆಯೂ ಇದೇ ಜಾತಿಯದು. ನೀಮ್ ಕಾಲುವೆಯ ಅಗಲ ಸುಮಾರು 1.2 ಮೀಟರು, ಕೆಲವೆಡೆ ಎರಡೂ ಪಕ್ಕಗಳಿಂದ ಬೆಳೆದ ಸುಣ್ಣದ ಹೆಪ್ಪು ಅದರ ಬಹುಭಾಗವನ್ನು ನುಂಗಿಬಿಟ್ಟಿದೆ.

ಮರದ ಕಾಂಡದ ಉಂಗುರಗಳಂತೆ ಈ ಪದರಗಳು ಕಾಲದ ದಿನಚರಿ. ಮೊದಲಿನ ಪದರಗಳು ಶುಭ್ರವಾಗಿವೆ, ನಿಬಿಡವಾಗಿವೆ: ಆಗ ಕಾಲುವೆಯನ್ನು ಕಾಯುವವರಿದ್ದರು. ಬರಬರುತ್ತ ಅವುಗಳಲ್ಲಿ ಮಣ್ಣೂ ಸಸ್ಯದ ಕಸವೂ ಬೆರೆತಿವೆ. ಮುಚ್ಚಿದ ಕಲ್ಲುಗಳು ಸರಿದಿದ್ದುವು, ಬೇರುಗಳು ಒಳಹೊಕ್ಕಿದ್ದುವು. ಹದಿನೈದು ಅಡಿಯ ಕಾನೂನನ್ನು ಜಾರಿಗೆ ತರುವವರು ಆ ವೇಳೆಗೆ ಯಾರೂ ಇರಲಿಲ್ಲ. ನಾಲ್ಕನೆಯ ಶತಮಾನದಿಂದಾಚೆಗೆ ಕಾಲುವೆ ಕ್ರಮೇಣ ಸೊರಗಿತೆಂದು ವಿದ್ವಾಂಸರು ತಿಳಿಯುವುದು ಇಂಥ ಕುರುಹುಗಳಿಂದ.

ಇದೇ ದಿನಚರಿಯನ್ನು ಇನ್ನೂ ಸೊಗಸಾಗಿ ಓದಿದ ಉದಾಹರಣೆ ಆರ್ಲ್ ನಗರದ ಬಳಿಯ ಬಾರ್ಬೆಗಾಲಿನದು. ಗುಡ್ಡದ ಇಳಿಜಾರಿನಲ್ಲಿ ಎಂಟೆಂಟರ ಎರಡು ಸಾಲಾಗಿ ಹದಿನಾರು ನೀರ್ಚಕ್ರಗಳು ಅಲ್ಲಿ ಧಾನ್ಯ ಬೀಸುತ್ತಿದ್ದುವು. ಒಂದು ಚಕ್ರವನ್ನು ತಿರುಗಿಸಿದ ನೀರೇ ಕೆಳಗಿನ ಚಕ್ರಕ್ಕೆ ಬೀಳುತ್ತಿತ್ತು. ಮರದ ಚಕ್ರಗಳೆಲ್ಲ ಎಂದೋ ಕೊಳೆತುಹೋದುವು. ಆದರೆ ಅವುಗಳ ಮೇಲೆ ಕಟ್ಟಿದ ಸುಣ್ಣದ ಹೆಪ್ಪಿನಲ್ಲಿ ಮರದ ಎಳೆಗಳ ಅಚ್ಚು ಉಳಿದಿದೆ. ಮೈನ್ಸ್ ವಿಶ್ವವಿದ್ಯಾನಿಲಯದ ಸಂಶೋಧಕರು ಮತ್ತು ಅವರ ಸಂಗಡಿಗರು ಆ ತುಂಡುಗಳನ್ನು ಪರೀಕ್ಷಿಸಿ, ಚಕ್ರಗಳು ಬೇಸಿಗೆಯ ಕೊನೆ ಮತ್ತು ಶರತ್ಕಾಲದಲ್ಲಿ ನಿಲ್ಲುತ್ತಿದ್ದುವೆಂದು 2018ರಲ್ಲಿ ತೋರಿಸಿದರು. ಊರಿನ ನಿತ್ಯದ ರೊಟ್ಟಿಗಾಗಿ ಬೀಸುವ ಗಿರಣಿ ತಿಂಗಳುಗಟ್ಟಲೆ ನಿಲ್ಲುವುದುಂಟೆ? ಇದು ಹಡಗುಗಳಿಗೆ ಬಹುಕಾಲ ಕೆಡದ ಒಣರೊಟ್ಟಿಯನ್ನು ಒದಗಿಸುತ್ತಿದ್ದಿರಬೇಕು, ಚಳಿಗಾಲದಲ್ಲಿ ಹಡಗುಗಳ ಸಂಚಾರ ನಿಲ್ಲುತ್ತಿದ್ದುದರಿಂದ ಗಿರಣಿಗೂ ಬಿಡುವು ಸಿಗುತ್ತಿತ್ತು ಎಂದು ಅವರ ಊಹೆ.

ಕಾಯ್ದವರು, ಕೈಬಿಟ್ಟವರು

ಪಿರನೀಸ್ ಪರ್ವತಗಳನ್ನು ದಾಟಿ ಸ್ಪೇನನ್ನು ಹೊಕ್ಕರೆ, ಸೆಗೋವಿಯಾ ನಗರದ ನಡುವೆಯೇ ಬೆಣಚುಕಲ್ಲಿನ ಕಮಾನುಗಳು ಸುಮಾರು 28 ಮೀಟರು ಎತ್ತರಕ್ಕೆ ಎದ್ದು ನಿಂತಿವೆ. ಇಲ್ಲಿಯೂ ಕಲ್ಲಿನ ನಡುವೆ ಗಾರೆಯಿಲ್ಲ. ಕಮಾನಿನ ಪ್ರತಿಯೊಂದು ಕಲ್ಲೂ ಕೆಳಗೆ ಬೀಳಲು ಹವಣಿಸುತ್ತದೆ. ಬೀಳಲು ಹೋಗಿ ನೆರೆಯ ಕಲ್ಲನ್ನು ಒತ್ತುತ್ತದೆ. ಆ ಒತ್ತಡವೇ ಎಲ್ಲವನ್ನೂ ಎತ್ತಿ ಹಿಡಿಯುತ್ತದೆ. ಒಂದು ಕಮಾನಿನ ಪಕ್ಕದೊತ್ತನ್ನು ಮುಂದಿನ ಕಮಾನು ತಡೆಯುತ್ತದೆ. ಯುದ್ಧಗಳಲ್ಲಿ ಹಾಳಾದ 36 ಕಮಾನುಗಳನ್ನು ಹದಿನೈದನೆಯ ಶತಮಾನದಲ್ಲಿ ಮತ್ತೆ ಕಟ್ಟಿದರು. ಆದುದರಿಂದಲೇ ಹತ್ತೊಂಬತ್ತನೆಯ ಶತಮಾನದಲ್ಲಿಯೂ ಸೆಗೋವಿಯಾದವರು ಇದೇ ಕಾಲುವೆಯ ನೀರನ್ನು ಕುಡಿದರು. ವಾಹನಗಳ ಹೊಗೆಯೂ ಅದುರಾಟವೂ ಕಲ್ಲನ್ನು ತಿನ್ನತೊಡಗಿದಾಗ, ಇಪ್ಪತ್ತನೆಯ ಶತಮಾನದ ಕೊನೆಗೆ ಕಮಾನುಗಳಡಿಯ ಸಂಚಾರವನ್ನೇ ನಿಲ್ಲಿಸಿದರು.

ಅಲ್ಲಿಂದ ತೆಂಕಣ ಪಡುವಲಿಗೆ ಇಳಿದರೆ ನಮ್ಮ ಕೊನೆಯ ಬಿಡಾರ, ಮೆರಿದಾ. ಇಲ್ಲಿ ಎರಡು ದೃಶ್ಯಗಳು ಒಂದಕ್ಕೊಂದು ಎದುರಾಗಿ ನಿಂತಿವೆ. ಊರಿನ ಅಂಚಿನಲ್ಲಿ ‘ಪವಾಡಗಳ ಕಾಲುವೆ’ ಎಂದು ಜನ ಕರೆಯುವ ಇಟ್ಟಿಗೆ ಮತ್ತು ಬೆಣಚುಕಲ್ಲಿನ ಕಂಬಗಳು, ಸುಮಾರು 25 ಮೀಟರು ಎತ್ತರ, ತಲೆಯ ಮೇಲೆ ಹೊರಬೇಕಾದ ಕಾಲುವೆಯೇ ಇಲ್ಲದೆ ನಿಂತಿವೆ. ಅವುಗಳ ತುದಿಯಲ್ಲಿ ಬಿಳಿಯ ಕೊಕ್ಕರೆಗಳು ಗೂಡು ಕಟ್ಟಿವೆ. ಅಲ್ಲಿಂದ ಕೆಲವು ಕಿಲೋಮೀಟರು ದೂರದಲ್ಲಿ, ಈ ಕಂಬಗಳಿಗೆ ನೀರೊದಗಿಸುತ್ತಿದ್ದ ಪ್ರೊಸೆರ್ಪಿನಾ ಕಟ್ಟೆಯಿದೆ. ನೀರಿನ ಕಡೆಗೆ ಕಲ್ಲು ಗಾರೆಯ ಗೋಡೆ, ಹಿಂದೆ ಮಣ್ಣಿನ ಏರಿ, ಉದ್ದ ನಾಲ್ಕುನೂರು ಮೀಟರಿಗೂ ಹೆಚ್ಚು. ಇಂದಿಗೂ ಅಲ್ಲಿ ನೀರು ನಿಲ್ಲುತ್ತದೆ. ಬೇಸಿಗೆಯಲ್ಲಿ ಮಕ್ಕಳು ಈಜುತ್ತಾರೆ. 1990ರ ದಶಕದ ಆರಂಭದಲ್ಲಿ ಕೆರೆಯನ್ನು ಬರಿದುಮಾಡಿ ಹೂಳೆತ್ತಿದಾಗ, ಅದುವರೆಗೆ ಯಾರೂ ಕಾಣದಿದ್ದ ಗೋಡೆಯ ಕೆಳಭಾಗ ಹೊರಬಿದ್ದಿತು. ಕಟ್ಟೆ ಎಣಿಸಿದ್ದಕ್ಕಿಂತ ಬಹಳ ಎತ್ತರವೆಂದು ಆಗ ತಿಳಿಯಿತು.

ಒಂದೇ ಜನ, ಒಂದೇ ವಿದ್ಯೆ, ಒಂದೇ ನೀರಿಗಾಗಿ ಕಟ್ಟಿದುದು. ಒಂದು ಕೊಕ್ಕರೆಗಳ ಪಾಲಾಯಿತು, ಇನ್ನೊಂದು ಇಂದಿಗೂ ಮನುಷ್ಯರ ಪಾಲಿಗಿದೆ. ವ್ಯತ್ಯಾಸ ಕಲ್ಲಿನದಲ್ಲ; ಹೂಳೆತ್ತುವವರು, ಬಿರುಕು ಮುಚ್ಚುವವರು ಒಂದು ಕಡೆ ತಲೆಮಾರಿನಿಂದ ತಲೆಮಾರಿಗೆ ಉಳಿದರು, ಇನ್ನೊಂದು ಕಡೆ ಉಳಿಯಲಿಲ್ಲ. ಕಟ್ಟಿದವನ ಹೆಸರು ಶಾಸನವಾಗಿ ಉಳಿಯುತ್ತದೆ. ಕಾಲುವೆಯೊಳಗೆ ಬಗ್ಗಿ ಸುಣ್ಣದ ಹೆಪ್ಪನ್ನು ಕೆತ್ತಿದ ಗುಲಾಮನ ಹೆಸರನ್ನು ಯಾವ ಕಲ್ಲೂ ಹೇಳುವುದಿಲ್ಲ. ಆದರೆ ಮುನ್ನೂರು ವರ್ಷ ನೀಮ್ ನಗರದ ಕಾರಂಜಿಗಳು ಚಿಮ್ಮಿದುದು ಕಟ್ಟಿದವನಿಂದ ಎಷ್ಟೋ, ಕೆತ್ತಿದವನಿಂದಲೂ ಅಷ್ಟೆ. ರೋಮನರ ಪಾಳುಗಳನ್ನು ನೋಡಲು ಹೋಗುವವರು ಕಮಾನಿನ ಎತ್ತರವನ್ನು ಅವಶ್ಯವಾಗಿ ನೋಡಲಿ. ಜೊತೆಗೆ, ಅವಕಾಶವಿದ್ದರೆ, ಕಾಲುವೆಯ ಗೋಡೆಯಲ್ಲಿ ಸುಣ್ಣದ ಪದರ ಎಲ್ಲಿಯವರೆಗೆ ಬೆಳ್ಳಗಿದೆ, ಎಲ್ಲಿಂದಾಚೆಗೆ ಕಂದಾಗಿದೆ ಎಂಬುದನ್ನೂ ಒಮ್ಮೆ ಬಗ್ಗಿ ನೋಡಲಿ. ಊರುಗಳ ಇತಿಹಾಸದಲ್ಲಿ ಅಷ್ಟು ಸ್ಪಷ್ಟವಾಗಿ ಬರೆದಿಟ್ಟ ಪುಟಗಳು ಬಹಳವಿಲ್ಲ.